ಮೇಜಿಗೆ ಬಿಗಿದ ಮೈಕ್ರೋಸ್ಕೋಪು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನೆಲ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಎರಡೂ ಬದಿ ಪವರ್‌ಲೂಮು. ಸಾವಿರದ ಒಂಬೈನೂರ ತೊಂಬತ್ತರ ಆಸುಪಾಸಿನಲ್ಲಿ ಅದೇ ಬೀದಿಯ ಛತ್ರದಲ್ಲಿ ಕಣ್ಣಿನ ಕ್ಯಾಂಪು ನಡೆಯಿತು. ನನಗೆ ಎರಡು ಕಣ್ಣಲ್ಲೂ ಪೊರೆ. ಎಳೆ ಕಡಿದದ್ದು ಕಾಣದೆ ಎರಡು ಸೀರೆ ಕೆಡಿಸಿದ್ದೆ. ಸೊಸೆ ನನ್ನನ್ನು ಮಗ್ಗದಿಂದ ಬಿಡಿಸಿ ಅಡುಗೆಮನೆಗೆ ಹಾಕಿದ್ದಳು. ಮಗ್ಗಕ್ಕೆ ಮರಳಬೇಕು, ಅಷ್ಟೇ ನನ್ನ ಹಟ.

ಬಂದವರು ಹೆಂಗಸು ಡಾಕ್ಟರು. ಜೀಪಿನಲ್ಲಿ ಊರೂರಿಗೆ ಹೋಗಿ ಆಪರೇಷನ್ ಮಾಡಲು, ಕಣ್ಣನ್ನು ದೊಡ್ಡದಾಗಿ ತೋರಿಸುವ ಒಂದು ಮೈಕ್ರೋಸ್ಕೋಪು ಕೊಳ್ಳಬೇಕಿತ್ತಂತೆ. ನೋಡಿ ಆರಿಸಲು ಎರಡು ತಂದಿದ್ದರು. ಒಂದು ನೆಲದ ಮೇಲೆ ನಿಲ್ಲುವಂಥದ್ದು, ನಾಲ್ಕು ಜನ ಹೊತ್ತು ಇಳಿಸಿದರು. ಇನ್ನೊಂದು ಪೆಟ್ಟಿಗೆಯಲ್ಲಿ ಹಿಡಿಸುವಂಥದ್ದು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯಬೇಕು.

ಮೊದಲ ಸರದಿ ನನ್ನದು. ಮೇಜಿನ ಮೇಲೆ ಮಲಗಿದರೆ ಮಗ್ಗದ ಅದುರು ಬೆನ್ನಿಗೆ ತಾಗುತ್ತಿತ್ತು. ದೊಡ್ಡದರಲ್ಲಿ ನೋಡಿದ ಡಾಕ್ಟರು, "ಥತ್, ನಿಮ್ಮ ಕಣ್ಣು ಕುಣೀತಾ ಇದೆ" ಎಂದರು.

"ಕುಣೀತಿರೋದು ನನ್ ಕಣ್ಣಲ್ಲ, ನಮ್ ಬೀದಿ. ಇಷ್ಟು ದಪ್ಪ ಮಿಷನ್ನೇ ತಡಕೊಳ್ಳಲ್ಲ ಅಂದ್ರೆ ನನ್ನ ಬಿಟ್ಬಿಡಿ ಡಾಕ್ಟ್ರಮ್ಮ, ಮನೆಗೆ ಹೋಗ್ತೀನಿ."

ಅವರ ಕಾಂಪೌಂಡರು, "ಮಗ್ಗ ನಿಲ್ಸೋಕೆ ಹೇಳ್ಬರ್ತೀನಿ ಮೇಡಂ" ಎಂದು ಹೊರಟ.

"ಬೇಡ್ರೀ. ನಾಡಿದ್ದು ನಂದಗುಡೀಲಿ ಹಿಟ್ಟಿನ ಗಿರಣಿ ಪಕ್ಕ ಕ್ಯಾಂಪು. ಅದನ್ನೂ ನಿಲ್ಲಿಸ್ತೀರಾ?" ಎಂದು ಡಾಕ್ಟರು ತಡೆದರು.

ನನ್ನನ್ನು ಎಬ್ಬಿಸಿ, ಚಿಕ್ಕದನ್ನು ಮೇಜಿಗೆ ಬಿಗಿಸಿದರು. ನನ್ನ ಸೆರಗಿನಿಂದ ಒಂದು ಎಳೆ ಕೇಳಿ ಕಿತ್ತುಕೊಂಡು, ತಲೆದಿಂಬಿನ ಮೇಲಿಟ್ಟು ಅದರಲ್ಲಿ ತುಂಬ ಹೊತ್ತು ನೋಡಿದರು.

"ಎಳೆ ಅಲ್ಲಾಡ್ದೆ ನಿಂತಿದೆ ಅಮ್ಮ."

"ಅದ್ಹೆಂಗೆ? ಆನೆ ನಡುಗಿ ಆಡಿನ ಮರಿ ನಿಲ್ತದಾ?"

"ಆ ದೊಡ್ಡದು ನೆಲದ ಜೊತೆ ಅಲ್ಲಾಡ್ತಿತ್ತು, ನೀವು ಮೇಜಿನ ಜೊತೆ. ಇದು ಮೇಜಿಗೇ ಅಂಟ್ಕೊಂಡಿದೆ. ನೀವು ಅಲ್ಲಾಡಿದಂಗೇ ಇದೂ ಅಲ್ಲಾಡುತ್ತೆ."

ಓದಿದವರು ದೊಡ್ಡದಕ್ಕೇ ಮರುಳಾಗುವುದನ್ನು ಕಂಡಿದ್ದೇನೆ. ಈಕೆ ಆಗಲಿಲ್ಲ. ಕಣ್ಣಿಗೆ ಕತ್ತರಿ ಹಾಕುವ ಮೊದಲು ನೂಲಿನ ಮೇಲೆ ಪರೀಕ್ಷೆ ಮಾಡಿ ನೋಡಿದರು. ಮತ್ತೆ ಮೇಜಿನ ಮೇಲೆ ಮಲಗಿದೆ.

ಮಾರನೆಯ ದಿನ ಪಟ್ಟಿ ಬಿಚ್ಚಿ ಕಣ್ಣಿಗೊಂದು ದಪ್ಪ ಗಾಜು ಹಿಡಿದಾಗ ಎದುರಿಗೆ ಡಾಕ್ಟರ ಮುಖ. ಗದರುವ ದನಿ ಕೇಳಿ ನನ್ನ ವಯಸ್ಸಿನವರೆಂದುಕೊಂಡಿದ್ದೆ. ನೋಡಿದರೆ ನನ್ನ ಸೊಸೆಗಿಂತ ಚಿಕ್ಕವರು!

"ಮೊದ್ಲೇ ಕಂಡಿದ್ರೆ ನಾನು ಮಲಗ್ತಾನೇ ಇರ್ಲಿಲ್ಲ" ಎಂದೆ.

"ಅದಕ್ಕೇ ಪೊರೆ ಇರೋವಾಗ್ಲೇ ಮಾಡ್ಬಿಟ್ಟೆ" ಎಂದರು.

ದಪ್ಪ ಕನ್ನಡಕ ಬಂದ ದಿನವೇ ಹೋಗಿ ಮಗ್ಗದ ಮುಂದೆ ನಿಂತೆ. ಸೊಸೆ ನೇಯ್ದಿದ್ದ ಸೀರೆಯಲ್ಲಿ ಕಡಿದ ಎಳೆಗಳನ್ನು ಒಂದೊಂದೇ ತೋರಿಸಿದೆ. ಅವಳು ಮಗ್ಗ ಬಿಟ್ಟು ಪಕ್ಕಕ್ಕೆ ಸರಿದಳು.