ಗುಬ್ಬಿಗೆ ಬಾರದ ಪಂದ್ಯಾವಳಿ

ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಬಾಯಿ ಜೋರು ಎಂದು ಜಿಲ್ಲೆಯಲ್ಲೆಲ್ಲ ಹೆಸರು. ಕೈ ಇಷ್ಟು ಮೆತ್ತಗೆ ಎಂದು ಮಾತ್ರ ನನಗೇ ಗೊತ್ತಿರಲಿಲ್ಲ.

ಆ ವರ್ಷ ಜಿಲ್ಲೆಯ ಹೆಣ್ಣುಮಕ್ಕಳ ಫುಟ್‌ಬಾಲ್ ನಡೆಸಲು ಎರಡೇ ಶಾಲೆಗಳು ಮುಂದೆ ಬಂದಿದ್ದವು. ಒಂದು ನಮ್ಮದು, ಇನ್ನೊಂದು ಕುಣಿಗಲ್ಲಿನದು. ನಮಗೆ ಅದು ಪ್ರತಿಷ್ಠೆಯ ಮಾತಾಗಿರಲಿಲ್ಲ. ತಂಡದ ಕ್ಯಾಪ್ಟನ್ನಿನ ತಾಯಿ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುವವರು, ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಊರಲ್ಲೇ ಆದ್ರೆ ಆಡ್ಲಿ ಮಿಸ್. ಹೊರ್ಗಡೆ ಎರಡ್ ದಿನ ಉಳ್ಕೊಳೋದಾದ್ರೆ ಬ್ಯಾಡ್ವೇ ಬ್ಯಾಡ." ಹನ್ನೊಂದು ಮನೆಯಲ್ಲೂ ಇದೇ ಮಾತು. ಹುಡುಗಿಯರೆಲ್ಲ ಹತ್ತನೇ ಕ್ಲಾಸು. ಪಂದ್ಯ ಗುಬ್ಬಿಗೆ ಬಂದರೆ ಆಡುತ್ತಾರೆ, ಇಲ್ಲದಿದ್ದರೆ ಇಲ್ಲ.

ತುಮಕೂರಿನ ಉಪ್ಪಾರಹಳ್ಳಿಯ ಶಾಲೆಯೊಂದರಲ್ಲಿ ಮೀಟಿಂಗು. ನಾವು ಏಳು ಜನ ಟೀಚರುಗಳು. "ಹೆಂಗ್ ಡಿಸೈಡ್ ಮಾಡೋದ್ರಪ್ಪ?" ಎಂದರು ನಮ್ಮಲ್ಲಿ ಹಿರಿಯರು. ಸುಮ್ಮನಿರಬಾರದಾ ನಾನು?

"ವರ್ಲ್ಡ್ ಕಪ್‌ಗೆ ದೇಶ ಆರಿಸ್ತಾರಲ್ಲ, ಹಂಗೇ ಮಾಡಣ ಸಾರ್" ಎಂದು ಎದ್ದು ನಿಂತು ಪಾಠ ಶುರುಮಾಡಿದೆ. ಆಸೆಯಿರುವ ದೇಶ ಅರ್ಜಿ ಕೊಡಬೇಕು. ಮೈದಾನ, ಹೋಟೆಲು, ರಸ್ತೆಗಳನ್ನು ಬಂದು ತಪಾಸಣೆ ಮಾಡುತ್ತಾರೆ. ಮೊದಲು ಬೆರಳೆಣಿಕೆಯ ಜನ ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತಿದ್ದರು, ಲಂಚದ ಆರೋಪ ಬಂದು ಗಬ್ಬೆದ್ದುಹೋಯಿತು. ಈಗ ಪ್ರತಿ ಸದಸ್ಯ ದೇಶಕ್ಕೂ ಒಂದೊಂದು ಮತ. ಒಂದೇ ಅರ್ಜಿ ಇದ್ದರೆ ಚಪ್ಪಾಳೆಯಲ್ಲೇ ಮುಗಿಸಿಬಿಡುವುದೂ ಉಂಟು.

"ಮಿಸ್ ಬೋ ತಿಳ್ಕೊಂಡವ್ರೆ ಬುಡ್ರಪ್ಪ" ಎಂದರು ಕುಣಿಗಲ್ಲಿನ ಮೇಷ್ಟ್ರು. ಕೊತ್ತಗೆರೆ ಕಡೆಯ ಸಾಧು ಮನುಷ್ಯ. ನಾನು ಉಬ್ಬಿಹೋದೆ.

ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. ಗುಬ್ಬಿ ಎಂದು ಬರೆಯಲು ಹೋದ ಪೆನ್ನು ನಿಂತಿತು. ನಮ್ಮ ಮನೆತನದವರು ಮಠದ ದಾಸೋಹದಲ್ಲಿ ಬಡಿಸುವವರು. ಬಡಿಸುವವಳು ತನ್ನ ಎಲೆಗೆ ಮೊದಲು ಹಾಕಿಕೊಳ್ಳಬಾರದು ಎಂದು ಅಮ್ಮ ಚಿಕ್ಕಂದಿನಲ್ಲಿ ಕೈಗೆ ಹೊಡೆದು ಕಲಿಸಿದ್ದಳು. ನಮ್ಮೂರಿಗೆ ನಾನೇ ಮತ ಹಾಕಿಕೊಳ್ಳುವುದು ಅಂಥದೇ ಹೊಟ್ಟೆಬಾಕತನ ಅನ್ನಿಸಿತು. ಮೇಷ್ಟ್ರೂ ಮರ್ಯಾದೆಗೆ ಗುಬ್ಬಿ ಎಂದೇ ಬರೆಯುತ್ತಾರೆ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಎಂದುಕೊಂಡು ಕುಣಿಗಲ್ ಎಂದು ದುಂಡಗೆ ಬರೆದೆ.

ಕುಣಿಗಲ್ ನಾಲ್ಕು, ಗುಬ್ಬಿ ಮೂರು.

ಹೊರಗೆ ಬಂದು, ನಗುತ್ತಲೇ ಮೇಷ್ಟ್ರನ್ನು ಕೇಳಿದೆ, ನೀವು ಯಾರಿಗೆ ಹಾಕಿದಿರಿ ಎಂದು.

"ಇದೇನ್ ಮಿಸ್ ಹಿಂಗ್ ಕೇಳ್ತೀರಾ? ನಮ್ಮೂರ್ಗೇ ಹಾಕ್ದೆ. ಇನ್ಯಾರ್ಗ್ ಹಾಕ್ಲಿ?"

ಅವರ ಮುಖದಲ್ಲಿ ಕಪಟವೇ ಇರಲಿಲ್ಲ. ಜಗಳ ಆಡೋಣವೆಂದರೆ ತಪ್ಪು ಅವರದಲ್ಲ.

ಗುಬ್ಬಿ ಬಸ್ಸಿನಲ್ಲಿ ಕೂತು, ಮನಸ್ಸು ತಡೆಯದೆ ಫೋನಿನಲ್ಲಿ ವರ್ಲ್ಡ್ ಕಪ್‌ನ ಆ ನಿಯಮಗಳನ್ನು ಮತ್ತೆ ಹುಡುಕಿದೆ. ಎಲ್ಲ ದೇಶಗಳೂ ಸೇರಿ ಮತ ಹಾಕಿದಾಗ, ಅರ್ಜಿ ಹಾಕಿದ ದೇಶಗಳಿಗೆ ಮತವಿರಲಿಲ್ಲವಂತೆ. ಇಡೀ ಪುರಾಣ ಹೇಳಿದವಳು ಇದೊಂದನ್ನೇ ಬಿಟ್ಟಿದ್ದೆ. ನನ್ನ ಚೀಟಿ, ಮೇಷ್ಟ್ರ ಚೀಟಿ ಎರಡನ್ನೂ ಲೆಕ್ಕದಿಂದ ತೆಗೆದು ನೋಡಿದೆ. ಗುಬ್ಬಿ ಮೂರು, ಕುಣಿಗಲ್ ಎರಡು. ನಿಯಮ ಪೂರ್ತಿ ಹೇಳಿದ್ದರೂ ಗೆಲ್ಲುತ್ತಿದ್ದೆವು, ನಮ್ಮೂರ ಹೆಸರು ಬರೆದಿದ್ದರೂ ಗೆಲ್ಲುತ್ತಿದ್ದೆವು. ಸೋಲುವುದಕ್ಕೆ ಇದ್ದ ಒಂದೇ ದಾರಿಯನ್ನು ಹುಡುಕಿ ಹಿಡಿದಿದ್ದೆ! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಾರನೇ ದಿನದಿಂದ ಹನ್ನೊಂದು ಮನೆಗೂ ಹೋಗಿ ಕುಣಿಗಲ್ಲಿಗೆ ಕಳಿಸಿಕೊಡಿ ಎಂದು ಬೇಡಿಕೊಂಡೆ. ಕಾಫಿ ಕೊಟ್ಟರು, ಒಪ್ಪಿಗೆ ಕೊಡಲಿಲ್ಲ. ತಂಡವನ್ನು ಹಿಂದಕ್ಕೆ ತೆಗೆದುಕೊಂಡೆವು. ಅದನ್ನು ಹುಡುಗಿಯರಿಗೆ ಹೇಳುವಾಗ ನನ್ನ ಚೀಟಿಯ ವಿಷಯವನ್ನೂ ಮತದ ಲೆಕ್ಕವನ್ನೂ ಹೇಳಿಬಿಟ್ಟೆ. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಅವರ ಮುಖ ನೋಡಿಕೊಂಡು ಆಗಲಿಲ್ಲ.

ಕ್ಯಾಪ್ಟನ್ ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು:

"ಬೇರೆ ಊರೋರು ಮೂರ್ ಜನ ನಮ್ಮೂರ್ ಹೆಸ್ರು ಬರ್ದವ್ರೆ ಮಿಸ್. ನಿಮ್ಗ್ಯಾಕ್ ನಾಚ್ಕೆ ಆಯ್ತು?"