ಉಡಿ ಒಡ್ಡಿ ನಿಂತವಳು

ನಗುವವರಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ನಗಬೇಡಿ, ನನಗೆ ಸಿಟ್ಟು ಬೇಗ ಬರುತ್ತದೆ. ಇದು ನನಗೂ ನನ್ನ ಮಗಳಿಗೂ ನಿಜವಾಗಿ ಆದದ್ದು. ಕನಸಲ್ಲ, ಕಟ್ಟುಕಥೆಯಲ್ಲ, ನಿದ್ದೆಗೆಟ್ಟ ತಲೆಯ ಭ್ರಮೆಯೂ ಅಲ್ಲ. ಲಂಡನ್ನಿನ ಪಾರ್ಕ್ ರಾಯಲ್‌ನ ಒಂದು ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಲೈನಿನ ಮುಂದೆ ವರ್ಷಗಟ್ಟಲೆ ನಿಂತವಳು ನಾನು. ಕಣ್ಣೆದುರು ಹಾದುಹೋಗುವುದನ್ನು ಸರಿಯಾಗಿ ನೋಡುವುದೇ ನನ್ನ ಕೆಲಸ.

ತೊಂಬತ್ತರ ದಶಕದ ಕೊನೆ. ಅಕ್ಟೋಬರ್ ತಿಂಗಳ ಶಾಲೆಯ ರಜೆ. ನನ್ನ ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಮಗಳು ಸ್ವಾತಿಗೆ ಒಂಬತ್ತು ವರ್ಷ. ಅಪ್ಪ ಹೋದ ಮೇಲೆ ಅವಳು ಶಾಲೆ ಬಿಟ್ಟರೆ ಫ್ಲ್ಯಾಟು, ಫ್ಲ್ಯಾಟು ಬಿಟ್ಟರೆ ಶಾಲೆ. ಆದ್ದರಿಂದಲೇ ನಮ್ಮ ಕನ್ನಡದವರು ವೇಲ್ಸ್ ಬೆಟ್ಟಗಳಿಗೆ ಒಂದು ದಿನದ ಪ್ರವಾಸ ಹೊರಟಾಗ ಎರಡು ಸೀಟು ಹಿಡಿದೆ.

ಬೆಳಗಿನ ಜಾವ ನಾಲ್ಕೂವರೆಗೆ ಅಕ್ಸ್‌ಬ್ರಿಡ್ಜ್‌ನಿಂದ ಕೋಚ್ ಹೊರಟಿತು. ಗೈಡ್ ಆಗಿ ಬಂದವನು ಬೆಂಗಳೂರಿನ ರಘು. ವಾರವೆಲ್ಲ ಕ್ಯಾನರಿ ವಾರ್ಫ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದ, ಶನಿವಾರ ಬಂತೆಂದರೆ ಕೈಯಲ್ಲಿ ಮೈಕು. ಊಟದ ಜವಾಬ್ದಾರಿ ಧಾರವಾಡದ ಸರೋಜಕ್ಕನದು. ನಮ್ಮ ಗುಂಪಿಗೇ ಹಿರಿಯರು ಅವರು. ಬರ್ಮಿಂಗ್‌ಹ್ಯಾಮ್ ದಾಟುವ ಮೊದಲೇ ಎಲ್ಲರ ಕೈಗೂ ಚಪಾತಿ, ಶೇಂಗಾ ಚಟ್ನಿ ಬಂದಿತ್ತು. ಸ್ವಾತಿ ಬೆರಳು ನೆಕ್ಕುತ್ತಾ ತಿಂದಳು. ಅದನ್ನು ನೋಡಿಯೇ ನನಗೆ ಹೊಟ್ಟೆ ತುಂಬಿತು.

ಮೊದಲು ಕಣಿವೆ ನೋಡಿದೆವು. ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ಬೊಬ್ಬೆ ಹಾಕುತ್ತಾ ಹರಿಯುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಸ್ವಾತಿ ಗಟ್ಟಿಯಾಗಿ ನಕ್ಕಳು. ಕೆರೆಯ ಹತ್ತಿರ ಬಂದಾಗ ಮೂರೂವರೆ.

ಕೋಚ್ ನಿಂತ ಜಾಗದಿಂದ ಹತ್ತು ನಿಮಿಷದ ಕಾಲುದಾರಿ. ಆ ಕೆರೆಯ ಹೆಸರು ನಾನು ಹೇಳುವುದಿಲ್ಲ... ಮೂರು ಕಡೆ ಕಡಿದಾದ ಬಂಡೆ, ನಡುವೆ ಕಪ್ಪು ನೀರು. ಅಷ್ಟು ಹೊತ್ತು ಬೀಸುತ್ತಿದ್ದ ಗಾಳಿ ಅಲ್ಲಿಗೆ ಬಂದಕೂಡಲೇ ನಿಂತಿತು. ಒದ್ದೆ ಕಲ್ಲಿನ ವಾಸನೆ. ಒಂದು ಹಕ್ಕಿಯ ದನಿಯೂ ಇಲ್ಲ.

"ಎಲ್ಲರೂ ಕೇಳಿಸ್ಕೊಳ್ಳಿ" ಎಂದ ರಘು. "ಇದು ನಮ್ಮೂರ ಕೆರೆ ಥರ ಅಲ್ಲ. ಹಿಂದೆ ಇಲ್ಲೆಲ್ಲಾ ಹಿಮ ಇತ್ತು, ಅದು ಜಾರಿ ಜಾರಿ ಬಂಡೇನ ಕೊರೆದು ಮಾಡಿರೋ ಗುಂಡಿ ಇದು. ದಂಡೆಯಿಂದ ಎರಡು ಹೆಜ್ಜೆ ಇಟ್ರೆ ತಳ ಸಿಗಲ್ಲ. ಯಾರೂ ನೀರಿಗಿಳೀಬೇಡಿ, ಪ್ಲೀಸ್."

ಸರೋಜಕ್ಕ ಆಗಲೇ ಕೈಮುಗಿದಾಗಿತ್ತು. ಕೆರೆಗೆ ಉಡಿ ತುಂಬಬೇಕೆಂದು ಅವರು ಮೊದಲೇ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದರು. ನಿಮ್ಮ ಕಡೆ ಮಡಿಲು ತುಂಬುವುದು ಎನ್ನುತ್ತೀರಲ್ಲ, ಅದೇ. ಖಣದಲ್ಲಿ, ಅಂದರೆ ರವಿಕೆಯ ಬಟ್ಟೆಯಲ್ಲಿ, ಅಕ್ಕಿ, ಉತ್ತತ್ತಿ, ಅರಿಶಿನದ ಕೊಂಬು, ತೆಂಗಿನಕಾಯಿ ಇಟ್ಟು ನೀರಿಗೆ ಒಪ್ಪಿಸುವುದು. ನಾನೂ ನನ್ನ ಚೀಲದಿಂದ ಗುಳೇದಗುಡ್ಡದ ಖಣ ತೆಗೆದೆ.

ಸರೋಜಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿತ್ತು.

"ಗಿರಿಜಾ, ತಪ್ಪ ತಿಳ್ಕೋಬ್ಯಾಡವಾ. ಇದು ಮುತ್ತೈದೆರು ಮಾಡೂದು. ನೀ ಸ್ವಲ್ಪ ಹಿಂದ ನಿಂದ್ರು."

ಮೈಯೆಲ್ಲ ಉರಿಯಿತು. ಗಂಡ ಸತ್ತ ಮೇಲೂ ನಾನು ಕುಂಕುಮ ಅಳಿಸಿರಲಿಲ್ಲ, ಬಳೆ ತೆಗೆದಿರಲಿಲ್ಲ. ಹುಟ್ಟಿದಾಗಿನಿಂದ ಇಟ್ಟುಕೊಂಡ ಕುಂಕುಮ, ಅವನೇನು ತಂದುಕೊಟ್ಟದ್ದಲ್ಲ. ಆದರೆ ಮಗಳು ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಹಿಂದೆ ಸರಿದೆ. ಐದು ಜನ ಹೆಂಗಸರು ಐದು ಉಡಿ ತುಂಬಿದರು, ಆರತಿ ಹಾಡಿದರು, ಫೋಟೋ ತೆಗೆಸಿಕೊಂಡರು.

ಐದಕ್ಕೆ ಕೋಚ್ ಬಿಡುತ್ತದೆ ಎಂದು ರಘು ಎಲ್ಲರನ್ನೂ ವಾಪಸು ಹೊರಡಿಸಿದ. ನಾನು ಬೇಕೆಂದೇ ನಿಧಾನ ಮಾಡಿದೆ. ಅವರ ಮಾತು ಕೇಳಿಸದಷ್ಟು ದೂರ ಹೋದ ಮೇಲೆ ಸ್ವಾತಿಯ ಕೈಹಿಡಿದು ನೀರಿನ ಹತ್ತಿರ ತಿರುಗಿ ಬಂದೆ. ಯಾಕೆ ಹಾಗೆ ಮಾಡಿದಿ ಎಂದು ಈಗಲೂ ಕೇಳುವವರಿದ್ದಾರೆ. ನನಗೆ ಮಾಡಬೇಕೆನಿಸಿತು, ಮಾಡಿದೆ.

ಚಪ್ಪಟೆ ಕಲ್ಲಿನ ಮೇಲೆ ಮಂಡಿಯೂರಿ ಖಣ ಹಾಸಿದೆ. ಅಕ್ಕಿ ಸುರಿದು ಕಾಯಿ ಇಟ್ಟೆ. "ತಾಯಿ, ನಾ ಕೊಡೂದೂ ಅಕ್ಕೀನ. ತಗೋ" ಎಂದು ನೀರಿಗೆ ಬಿಟ್ಟೆ.

ಉಳಿದವರ ಖಣಗಳು ಸ್ವಲ್ಪ ಹೊತ್ತು ತೇಲಿದ್ದವು. ನನ್ನದು ತೇಲಲಿಲ್ಲ... ಕೆಳಗಿನಿಂದ ಯಾರೋ ಮೆಲ್ಲಗೆ ಎಳೆದುಕೊಂಡ ಹಾಗೆ ನೇರವಾಗಿ ಇಳಿದುಹೋಯಿತು.

ಆಮೇಲೆ ಬಳೆಯ ಸದ್ದು. ಗಾಜಿನ ಬಳೆ. ನನ್ನವಲ್ಲ, ನನ್ನ ಕೈ ಕಲ್ಲಿನ ಮೇಲೆ ಅಲುಗದೆ ಇತ್ತು. ಸರೋಜಕ್ಕ ಬೈಯಲು ಬಂದರೆಂದು ಹಿಂದೆ ತಿರುಗಿದೆ. ದಾರಿಯೇ ಕಾಣಿಸಲಿಲ್ಲ. ಅಷ್ಟರಲ್ಲಿ ಮಂಜು ಎಲ್ಲವನ್ನೂ ಮುಚ್ಚಿತ್ತು, ಕತ್ತಲೆಯೂ ಇಳಿಯುತ್ತಿತ್ತು. ಬಳೆಯ ಸದ್ದು ಬಂದದ್ದು ಕೆರೆಯ ಕಡೆಯಿಂದ.

"ಮಮ್ಮಿ" ಎಂದಳು ಸ್ವಾತಿ ಪಿಸುಮಾತಿನಲ್ಲಿ. "ದಟ್ ಆಂಟಿ ಈಸ್ ಇನ್ ದ ವಾಟರ್."

ನೋಡಿದೆ. ದಂಡೆಯಿಂದ ಹತ್ತು ಮಾರು ದೂರದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಎರಡು ಹೆಜ್ಜೆಗೆ ತಳ ಸಿಗದ ಕೆರೆಯಲ್ಲಿ ಅವಳಿಗೆ ನೀರು ಮೊಣಕಾಲವರೆಗೆ ಮಾತ್ರ. ತಲೆಯ ಮೇಲೆ ಸೆರಗು. ಮುಖ ಕಾಣಿಸಲಿಲ್ಲ. ಎರಡೂ ಕೈಯಲ್ಲಿ ಉಡಿ ಹಿಡಿದಿದ್ದಳು, ಅದು ತುಂಬಿ ಜೋತಿತ್ತು.

ಅವಳು ಒಂದು ಕೈ ಸಡಿಲಿಸಿದಳು.

ಡುಬುಕ್. ಒಂದು ತೆಂಗಿನಕಾಯಿ ನೀರಿಗೆ ಬಿತ್ತು. ಸ್ವಲ್ಪ ತಡೆದು ಇನ್ನೊಂದು... ಮತ್ತೊಂದು. ನಾನು ಬೇಡವೆಂದರೂ ಎಣಿಸಿದೆ. ಐದು. ಆಮೇಲೆ ನನ್ನದು, ಆರು. ಅಕ್ಕಿಯನ್ನೂ ಕೊಡವಿದಳು. ಉಡಿ ಖಾಲಿಯಾಯಿತು. ಆ ಖಾಲಿ ಉಡಿಯನ್ನು ಎರಡೂ ಕೈಯಿಂದ ಅಗಲವಾಗಿ ಬಿಡಿಸಿ ಮುಂದೆ ಒಡ್ಡಿದಳು. ನನ್ನ ಕಡೆಗಲ್ಲ. ಸ್ವಾತಿಯ ಕಡೆಗೆ.

ಆಗ ಆ ವಾಸನೆ ಬಂತು. ಅರಿಶಿನ, ಲೋಬಾನ, ಅಜವಾನದ ಹೊಗೆ... ಬಾಣಂತಿ ಕೋಣೆಯ ವಾಸನೆ. ವಿಜಯಪುರದಲ್ಲಿ ನನ್ನ ಅವ್ವ ನನಗೆ ಹಾಕಿದ ಹೊಗೆಯದೇ ವಾಸನೆ. ಆ ಹಿಮದ ಕೆರೆಯ ಮೇಲೆ ಅದು ಬೆಚ್ಚಗೆ ಬಂದು ಮೂಗಿಗೆ ಬಡಿಯಿತು. ಒಂದು ಕ್ಷಣ ನನಗೇ ಅತ್ತ ಹೋಗಬೇಕೆನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆ ಒಂದು ಕ್ಷಣದಲ್ಲಿ ಸ್ವಾತಿ ನನ್ನ ಕೈ ಬಿಡಿಸಿಕೊಂಡಿದ್ದಳು. ನೋಡುವಷ್ಟರಲ್ಲಿ ನೀರಿಗಿಳಿದಿದ್ದಳು. ಮೊಣಕಾಲವರೆಗೆ. ಇನ್ನೊಂದು ಹೆಜ್ಜೆಗೆ ಕಾಲು ಎತ್ತಿದ್ದಳು.

ಅವಳ ಜಾಕೆಟ್ಟಿನ ಟೋಪಿಗೆ ಕೈಹಾಕಿ ಎಳೆದೆ. ಮಗು ಬರಲಿಲ್ಲ. ಒಂಬತ್ತು ವರ್ಷದ ಕಡ್ಡಿಯಂಥ ಹುಡುಗಿ, ಎಳೆದರೆ ಬರಲೊಲ್ಲಳು. ಆ ಕಡೆಯಿಂದಲೂ ಯಾರೋ ಹಿಡಿದಿದ್ದರು. ನನಗೆ ಭಯವಾಗಲಿಲ್ಲ. ಸಿಟ್ಟು ಬಂತು, ಸರೋಜಕ್ಕನ ಮುಂದೆ ನುಂಗಿಕೊಂಡ ಅಷ್ಟೂ ಸಿಟ್ಟು.

"ಅಕ್ಕಿ ಕೊಟ್ಟೀನಿ, ಕಾಯಿ ಕೊಟ್ಟೀನಿ, ಖಣಾ ಕೊಟ್ಟೀನಿ" ಎಂದೆ. "ಇಕೀನ್ನ ಕೊಡಂಗಿಲ್ಲ. ಇಕಿ ನನ್ನ ಉಡ್ಯಾಗಿನ ಕೂಸು. ಮುಚ್ಚು ನಿನ್ನ ಉಡಿ."

ಬಳೆಯ ಸದ್ದು ನಿಂತಿತು. ಕೈಯಲ್ಲಿದ್ದ ಜಾಕೆಟ್ಟು ಒಮ್ಮೆಲೇ ಹಗುರಾಯಿತು, ಇಬ್ಬರೂ ಹಿಂದಕ್ಕೆ ಕಲ್ಲಿನ ಮೇಲೆ ಬಿದ್ದೆವು. ಮಗಳನ್ನು ಎತ್ತಿಕೊಂಡು ಆ ಮಂಜಿನಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ತಿರುಗಿ ನೋಡಲಿಲ್ಲ.

ಕೋಚಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಸ್ವಾತಿಯ ತುಟಿ ನೀಲಿಯಾಗಿತ್ತು. ಸರೋಜಕ್ಕ ಏನೂ ಕೇಳದೆ ಅವಳ ಶೂಸು, ಸಾಕ್ಸು ಕಳಚಿ, ತಮ್ಮ ಶಾಲಿನಿಂದಲೇ ಕಾಲು ತಿಕ್ಕಿದರು. ತಿಕ್ಕುತ್ತಾ ತಿಕ್ಕುತ್ತಾ ಆ ಸಾಕ್ಸನ್ನು ಮೂಗಿಗೆ ಹಿಡಿದರು. ಅವರ ಮುಖ ಬಿಳಿಚಿತು.

"ಅದಕ್ಕ ನಾ ಬ್ಯಾಡ ಅಂದಿದ್ದು" ಎಂದರು ಮೆಲ್ಲಗೆ.

"ನಾ ಕೊಟ್ಟದ್ದಕ್ಕ ಆಕಿ ಎದ್ದಾಳಂತ ಹೇಳಬ್ಯಾಡ್ರಿ, ಅಕ್ಕಾರ" ಎಂದೆ. "ನಿಮ್ಮ ಐದು ಕಾಯಿ ಮೊದಲ ಆಕಿ ಉಡ್ಯಾಗಿದ್ದವು. ನಾ ಎಣಿಸೀನಿ."

ಅವರು ಎದ್ದು ತಮ್ಮ ಸೀಟಿಗೆ ಹೋದರು. ಶಾಲು ಮಾತ್ರ ಮಗುವಿನ ಕಾಲ ಮೇಲೆಯೇ ಬಿಟ್ಟಿದ್ದರು. ಸ್ವಾತಿ ಅಕ್ಸ್‌ಬ್ರಿಡ್ಜ್‌ವರೆಗೂ ಸತ್ತಂತೆ ನಿದ್ದೆ ಮಾಡಿದಳು. ಮರುದಿನ ಕೇಳಿದರೆ ಏನೂ ನೆನಪಿಲ್ಲ ಎಂದಳು. ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಬರೀ ನೆಗಡಿ ಎಂದರು. ಸಾಕ್ಸನ್ನು ಮೂರು ಸಲ ಒಗೆದರೂ ಹೊಗೆಯ ವಾಸನೆ ಹೋಗಲಿಲ್ಲ, ಬಿಸಾಕಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಈಗ ಸ್ವಾತಿಗೆ ಹತ್ತೊಂಬತ್ತು. ಅಕ್ಸ್‌ಬ್ರಿಡ್ಜ್‌ನಲ್ಲೇ ಯೂನಿವರ್ಸಿಟಿಗೆ ಹೋಗುತ್ತಾಳೆ. ಕಳೆದ ಭಾನುವಾರ ಅಡುಗೆಮನೆಗೆ ಬಂದು, ಬರುವ ಶನಿವಾರ ಗೆಳತಿಯರ ಜೊತೆ ಒಂದು ದಿನದ ಪ್ರವಾಸ ಹೋಗುತ್ತಿದ್ದೇನೆ ಎಂದಳು. ಎಲ್ಲಿಗೆ ಎಂದು ಕೇಳಿದೆ. ಅದೇ ಕೆರೆಯ ಹೆಸರು ಹೇಳಿದಳು.

ಬೇಡ ಎಂದೆ. ಅವಳು ಜಗಳವಾಡಲಿಲ್ಲ, ನನ್ನ ಪಕ್ಕದಲ್ಲಿ ಕೂತಳು. ಎಲ್ಲ ನೆನಪಿದೆ, ಅವತ್ತು ನೀನು ಹೆದರಿದ್ದೆಯೆಂದು ಹೇಳಲಿಲ್ಲ ಎಂದಳು. ಆ ಆಂಟಿ ಅಜ್ಜಿಯ ಹಾಗೇ ಮಾತಾಡಿದಳಂತೆ. ನನಗೆ ಆ ಹೊತ್ತು ಒಂದು ಮಾತೂ ಕೇಳಿಸಿರಲಿಲ್ಲ.

"ಏನಂದಳು?"

"ಶಿ ಸೆಡ್, 'ಬಾ ನನ್ನ ಕೂಸ'."

"ನೀ ಏನಂದಿ?"

ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಎಂದೂ ಆಡಿದವಳಲ್ಲ. ಎಷ್ಟು ಬೈದರೂ, ಎಷ್ಟು ಮುದ್ದು ಮಾಡಿದರೂ ಉತ್ತರ ಇಂಗ್ಲಿಷಿನಲ್ಲೇ. ಆ ಭಾನುವಾರ ಮಾತ್ರ, ಟೇಬಲ್ಲಿನ ಮೇಲೆ ಕೈಯಿಟ್ಟುಕೊಂಡು, ನನ್ನ ಅವ್ವನ ದನಿಯಲ್ಲಿ ನಿಧಾನವಾಗಿ ಹೇಳಿದಳು:

"'ಈಗ ಬ್ಯಾಡಬೇ. ದೊಡ್ಡಾಕಿ ಆದ ಮ್ಯಾಲ ಬರ್ತೀನಿ' ಅಂದೆ."

ಅದಕ್ಕೇ ಆ ಹೆಂಗಸು ಬಿಟ್ಟಳಂತೆ. ನಾನು ಎಳೆದದ್ದಕ್ಕಲ್ಲ, ನಾನು ಬೈದದ್ದಕ್ಕೂ ಅಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾರ್ಖಾನೆಗೆ ಫೋನ್ ಮಾಡಿ ಶನಿವಾರಕ್ಕೆ ರಜೆ ಹಾಕಿದೆ. ಸ್ವಾತಿಯನ್ನು ತಡೆದರೆ ಇನ್ನೊಂದು ದಿನ ಒಬ್ಬಳೇ ಹೋಗುತ್ತಾಳೆ, ಅವಳೂ ನನ್ನ ಮಗಳೇ. ಆದ್ದರಿಂದ ನಾನೂ ಹೋಗುತ್ತಿದ್ದೇನೆ. ಈ ಸಲ ಚೀಲದಲ್ಲಿ ಖಣವಿಲ್ಲ, ಅಕ್ಕಿಯಿಲ್ಲ, ಕಾಯಿಯಿಲ್ಲ. ಒಂಬತ್ತು ವರ್ಷದ ಕೂಸು ಕೊಟ್ಟ ಮಾತು ನಡೆಯುವುದಿಲ್ಲ ಎಂದು ಆ ನೀರಿನವಳ ಮುಖಕ್ಕೇ ಹೇಳಬೇಕು. ಯಾರಾದರೂ ಒಬ್ಬರು ಬೇಕೇಬೇಕೆಂದು ಅವಳು ಉಡಿ ಒಡ್ಡಿದರೆ, ದಂಡೆಯ ಮೇಲೆ ಮುಂದೆ ನಿಂತಿರುವವಳು ನಾನು.