ನನ್ನ ಬಳ್ಳಿ, ಅಣ್ಣನ ಮರ

ಆಲೂರಿನ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಕೊಲೆ ಏಕೆ ನಡೆಯುತ್ತದೆ ಎಂಬ ಪಾಠ ಬಂದರೆ ಹಿಂದಿನ ಬೆಂಚಿನವರೂ ಮೊಬೈಲ್ ಒಳಗಿಡುತ್ತಾರೆ. ಅವರಿಗೆ ಬೇಕಾದದ್ದು ರಾಕ್ಷಸರು. ನಾನು ಕೊಡುವುದು ನೆಂಟರನ್ನು. ಕೊಂದವನೂ ಸತ್ತವನೂ ಎಷ್ಟೋ ಸಲ ಪರಿಚಿತರೇ. ಜಗಳ ಸಣ್ಣದು, ಕೈಗೆ ಸಿಗುವಂತೆ ಆಯುಧ, ಸುತ್ತ ನೋಡುವ ಜನ. ಅವರೆದುರು ಹಿಂದೆ ಸರಿದರೆ ಮರ್ಯಾದೆ ಹೋಯಿತೆಂಬ ಭಯ. ಇವೆಲ್ಲ ಬೇರೆಯವರ ಮನೆಯ ಸಮಾಚಾರ ಎನ್ನುವಂತೆ ಹೇಳಿ, ಸೀಮೆಸುಣ್ಣ ಕೊಡವಿಕೊಂಡು ಬರುತ್ತಿದ್ದೆ.

ಕುಂದೂರಿನ ಹತ್ತಿರ ನನ್ನದೂ ದೊಡ್ಡಪ್ಪನ ಮಗನದೂ ಕಾಫಿ ತೋಟಗಳು ಅಂಟಿಕೊಂಡಿವೆ. ಗಡಿಯಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ ಅವನದು. ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವನು ನಾನು. ಬಳ್ಳಿಯ ಬೇರು ನನ್ನ ಕಡೆ. ನೆಟ್ಟಾಗ ನೀರು ಹೊಯ್ದವನು ಅವನೇ. ಕಾಳು ಬಿಡುವವರೆಗೆ ಯಾರೂ ತಕರಾರು ಎತ್ತಿರಲಿಲ್ಲ.

ಒಂದು ರಜೆಯ ದಿನ ಹೋಗಿ ನೋಡುತ್ತೇನೆ, ಅಣ್ಣ ಆಳುಗಳಿಂದ ಏಣಿ ಹಾಕಿಸಿ ಮೆಣಸು ಕೊಯ್ಯಿಸುತ್ತಿದ್ದಾನೆ.

“ಅದು ನನ್ ಬಳ್ಳಿ ಕಣಣ್ಣ” ಎಂದೆ.

“ನನ್ ಮರ ಇಲ್ದೆ ನಿನ್ ಬಳ್ಳಿ ಆಕಾಶ್ದಲ್ಲಿ ನಿಂತೈತಾ? ಪಾಠ ನಿನ್ ಹುಡುಗ್ರಿಗೆ ಹೇಳ್ಹೋಗು.”

ಕಾಳು ಆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ತೋಟಕ್ಕೆ ಹೋಗುವ ಎಲ್ಲರಂತೆ ನಮ್ಮಿಬ್ಬರ ಕೈಯಲ್ಲೂ ಕತ್ತಿ ಇತ್ತು.

“ಬಳ್ಳಿ ಬುಡುಕ್ಕೇ ಹಾಕ್ಬುಡ್ತೀನಿ” ಎಂದು ಕತ್ತಿ ಎತ್ತಿದೆ.

ಅವನು ಬಳ್ಳಿಗೆ ಅಡ್ಡ ಬಂದು ನಿಂತ. “ಹಾಕು, ನೋಡಾಣ.”

ಈಗ ಕತ್ತಿಯ ಎದುರಿಗಿದ್ದದ್ದು ಬಳ್ಳಿಯಲ್ಲ. ತಲೆಯೊಳಗಿನ ಮೇಷ್ಟ್ರು ಪರಿಚಿತರು, ಸಣ್ಣ ಜಗಳ, ಆಯುಧ ಎಂದು ಒಂದೊಂದಕ್ಕೇ ಟಿಕ್ ಹಾಕುತ್ತಿದ್ದ. ಕೈ ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಹಿರಿಯ ಹೆಂಗಸೊಬ್ಬಳು, “ನಡೀರೇ, ಊಟದ್ ಹೊತ್ತಾತು. ಇವ್ರು ಮುಗುಸ್ಕಂಡ್ ಕರೀಲಿ” ಎಂದಳು. ಏಣಿ ಮೇಲಿದ್ದವನೂ ಇಳಿದ. ಬುತ್ತಿ ಎತ್ತಿಕೊಂಡು ಎಲ್ಲರೂ ಹೊರಟೇಹೋದರು.

ನೋಡುವವರೇ ಇಲ್ಲದ ಮೇಲೆ ಎತ್ತಿದ ಕೈಗೆ ಏನು ಕೆಲಸ? ಸುಮ್ಮನೆ ಇಳಿಸಲು ನಾಚಿಕೆಯಾಗಿ ಅದೇ ಕತ್ತಿಯಲ್ಲಿ ಪಕ್ಕದ ಕಾಫಿ ಗಿಡದ ಚಿಗುರು ಸವರಿ ಹಾಕಿದೆ.

“ಅದೂ ನನ್ ಗಿಡಾನೇ ಮಾರಾಯ” ಎಂದ ಅಣ್ಣ.

ಇಬ್ಬರಿಗೂ ನಗು ಬಂತು. ನಕ್ಕು ನಕ್ಕು ಮರದ ಬುಡದಲ್ಲಿ ಕುಳಿತೆವು. ಆಮೇಲೆ ಅವನೇ ಮೆಲ್ಲಗೆ ಕೇಳಿದ: “ನಿಜ್ವಾಗ್ಲೂ ಹೊಡೀತಿದ್ದೇನೋ?”

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಸುಳ್ಳು ಬರಲಿಲ್ಲ. “ಅವ್ರು ಇನ್ನೊಂಚೂರು ಹೊತ್ತು ನಿಂತಿದ್ರೆ ಗೊತ್ತಿಲ್ಲ ಕಣಣ್ಣ.”

ಅವನು ನನ್ನ ಮುಖ ನೋಡಲಿಲ್ಲ.

“ನಾನೂ ಕತ್ತಿ ಬಿಗಿ ಹಿಡ್ಕಂಡೇ ನಿಂತಿದ್ದೆ ಕಣೋ” ಎಂದ.